ಪಾರ್ಕಿನ ಆಚೆ ಬದಿಯ ಪ್ಯಾನ್‌ಕೇಕ್

ಇದು ಕಳೆದ ವರ್ಷದ ಮಾತು. ಶಿವರಾತ್ರಿ ಮುಗಿದು ಬಿಸಿಲು ಏರುತ್ತಿದ್ದ ಒಂದು ಭಾನುವಾರ. ನಾನು, ನನ್ನ ತಂಗಿ ಗಿರಿಜಾ ಮತ್ತು ಅವಳ ಮಗಳು ಶೈಲಾ ಹೊಸದುರ್ಗದಿಂದ ಬೆಂಗಳೂರಿಗೆ ಬಂದು, ಗಿರಿನಗರದಲ್ಲಿರುವ ದೂರದ ಸಂಬಂಧಿ ರುದ್ರಕ್ಕನ ಮನೆಯಲ್ಲಿ ಇಳಿದುಕೊಂಡಿದ್ದೆವು. ಬಂದ ಕೆಲಸ ಒಂದೇ, ಶೈಲಾಳನ್ನು ನೋಡಲು ಗಂಡಿನ ಕಡೆಯವರು ಬರುವವರಿದ್ದರು. ಆದರೆ ಅವರು ಬರುತ್ತಿದ್ದದ್ದು ಮನೆಗಲ್ಲ, ಜೆ.ಪಿ. ನಗರದ ಒಂದು ಹೋಟೆಲಿಗೆ.

"ಈಗ ಬೆಂಗಳೂರಲ್ಲಿ ಎಲ್ಲಾ ಹಿಂಗೇ ಕಣಪ್ಪ," ಎಂದರು ಈ ಸಂಬಂಧ ತಂದಿದ್ದ ರುದ್ರಕ್ಕ. "ಮನೇಲಿ ಕೇಸರಿಬಾತ್ ಮಾಡೋದು, ಹುಡುಗಿ ತಟ್ಟೆ ಹಿಡ್ಕೊಂಡು ಬರೋದು, ಅದೆಲ್ಲಾ ಹೋಯ್ತು. ಹುಡುಗನಿಗೆ ಪ್ಯಾನ್‌ಕೇಕ್ ಅಂದ್ರೆ ಪ್ರಾಣ ಅಂತೆ. ಜೆ.ಪಿ. ನಗರದಲ್ಲಿ ಅದಕ್ಕೆ ಅದೇ ಬೆಸ್ಟ್ ಜಾಗ ಅಂತೆ. ಪಾರ್ಕ್ ಎದುರಿಗೆ, ಫಸ್ಟ್ ಫ್ಲೋರು."

ನನ್ನದು ಪಾತ್ರೆ ಅಂಗಡಿ. ಮಾಲು ತರಲು ಊರೂರು ತಿರುಗುವವನು. ಹೊಸ ಊರಿನಲ್ಲಿ ಒಳ್ಳೆಯ ಹೋಟೆಲು ಹುಡುಕುವುದರಲ್ಲಿ ನಾನು ಎತ್ತಿದ ಕೈ. ಬೋರ್ಡು ನೋಡಬಾರದು, ಜನ ನೋಡಬೇಕು, ಅಷ್ಟೇ ನನ್ನ ಲೆಕ್ಕ. ಎಲ್ಲಿ ಜನ ಕುರ್ಚಿಯ ಹಿಂದೆ ಕಾದು ನಿಂತಿರುತ್ತಾರೋ ಅಲ್ಲಿಗೆ ನುಗ್ಗಬೇಕು. ಈ ಲೆಕ್ಕ ಅಲ್ಲಿಯವರೆಗೆ ನನಗೆ ಕೈಕೊಟ್ಟಿರಲಿಲ್ಲ. ಆದರೆ ಪ್ಯಾನ್‌ಕೇಕ್ ಎನ್ನುವುದನ್ನು ಮಾತ್ರ ನಾನು ತಿಂದವನಲ್ಲ. ಬೆಳಿಗ್ಗೆ ಹನ್ನೊಂದು ಗಂಟೆಗೆ ಕೇಕು ಯಾರು ತಿನ್ನುತ್ತಾರೆ ಎಂದು ಕೇಳಿದೆ.

"ಅದು ಕೇಕಲ್ಲ ಮಾವ, ದೋಸೆ ಥರ," ಎಂದಳು ಶೈಲಾ.

ದೋಸೆ ಥರ ಇದ್ದರೆ ದೋಸೆಯನ್ನೇ ತಿನ್ನಬಹುದಲ್ಲ ಎಂದುಕೊಂಡೆ. ಅವತ್ತು ನನಗೆ ಅರ್ಥವಾಗದ ಸಂಗತಿಗಳಲ್ಲಿ ಅದು ಮೊದಲನೆಯದು.

ಶೈಲಾಳ ಬಗ್ಗೆ ಹೇಳಬೇಕು. ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತಾಳೆ. ವಯಸ್ಸು ಮೂವತ್ತು ದಾಟಿದೆ. ಅವಳ ತಂದೆ ತೀರಿಕೊಂಡ ಮೇಲೆ ಇಂಥ ಕೆಲಸಗಳಿಗೆ ಮುಂದೆ ನಿಲ್ಲುವವನು ಸೋದರಮಾವನಾದ ನಾನೇ. ಚಿಕ್ಕಂದಿನಲ್ಲಿ ಜ್ವರ ಬಂದು ಅವಳ ಎಡಗಿವಿ ಮಂದವಾಯಿತು. ಮಿಷನ್ ಹಾಕಿಕೊಳ್ಳುತ್ತಾಳೆ. ಆದರೂ ಗದ್ದಲವಿದ್ದ ಕಡೆ ಎಡಗಡೆ ಕೂತವರ ಮಾತು ಅವಳಿಗೆ ಸರಿಯಾಗಿ ಕೇಳುವುದಿಲ್ಲ. ಬಲಗಿವಿ ಚೆನ್ನಾಗಿದೆ.

ಇದನ್ನು ಗಂಡಿನ ಕಡೆಯವರಿಗೆ ಹೇಳಿರಲಿಲ್ಲ. "ಕೂದಲು ಬಿಟ್ಕೊಂಡು ಹೋಗ್ಲಿ, ಮಿಷನ್ ಕಾಣಲ್ಲ. ಮೊದಲೇ ಯಾಕೆ ಹೇಳ್ಬೇಕು? ಒಪ್ಪಿಗೆ ಆದ್ಮೇಲೆ ಹೇಳಿದ್ರಾಯ್ತು," ಎನ್ನುವುದು ರುದ್ರಕ್ಕನ ಬುದ್ಧಿವಾದ. ಗಿರಿಜಾಳೂ ಹೌದು ಹೌದು ಎಂದಳು. ಶೈಲಾ ಮಾತ್ರ ಬೆಳಿಗ್ಗೆ ಎದ್ದು, ಕೂದಲನ್ನು ಬಿಗಿಯಾಗಿ ಜಡೆ ಹೆಣೆದುಕೊಂಡು, ಎರಡೂ ಕಿವಿ ಕಾಣುವಂತೆ ಬಂದು ಗೇಟಿನ ಹತ್ತಿರ ನನ್ನನ್ನು ನಿಲ್ಲಿಸಿದಳು.

"ಮಾವ, ಅದನ್ನ ನೀವೇ ಹೇಳ್ಬೇಕು. ತಿಂಡಿ ಬರೋಕ್ಕೆ ಮುಂಚೆ. ನೀವು ಹೇಳಿಲ್ಲಾಂದ್ರೆ ನಾನು ಅಲ್ಲಿಂದ ಎದ್ದು ಬರ್ತೀನಿ. ಆಮೇಲೆ ಯಾರ ಮುಂದೇನೂ ಕೂರಲ್ಲ."

"ಆಯ್ತಮ್ಮ," ಎಂದೆ. ಹೇಳಿದರೆ ಅವರು ಎದ್ದು ಹೋಗಬಹುದು, ಹೇಳದಿದ್ದರೆ ಇವಳು ಎದ್ದು ಬರುತ್ತಾಳೆ. ರುದ್ರಕ್ಕ ಮನೆಯಲ್ಲೇ ಉಳಿದರು, ಹೊರಟದ್ದು ನಾವು ಮೂವರೇ. ಹೇಗೆ ಶುರು ಮಾಡುವುದು ಎಂದು ಆಟೋದಲ್ಲಿ ದಾರಿಯುದ್ದಕ್ಕೂ ಬಾಯಲ್ಲೇ ಪಾಠ ಒಪ್ಪಿಸಿಕೊಳ್ಳುತ್ತಾ ಬಂದೆ. ಜೊತೆಗೆ ಹಿರಿಯನಾಗಿ ಒಂದು ಅಪ್ಪಣೆಯನ್ನೂ ಕೊಟ್ಟೆ. ಮಾತಿನ ಮಧ್ಯೆ ಯಾರ ಫೋನೂ ಹೊಡೆದುಕೊಳ್ಳಬಾರದು, ಎಲ್ಲರೂ ಸೈಲೆಂಟ್ ಮಾಡಿ ಎಂದು. ಎಲ್ಲರೂ ಮಾಡಿದರು. ನಾನೂ ಮಾಡಿದೆ.

ಆಟೋದವನು ಪಾರ್ಕಿನ ಮೂಲೆಯಲ್ಲಿ ಇಳಿಸಿದ. ಬರಿಗೈಯಲ್ಲಿ ಹೋಗಬಾರದಲ್ಲ, ಎದುರಿಗೆ ಹಣ್ಣಿನ ಗಾಡಿ ಕಂಡಿತು. "ನೀವು ನಡೀರಿ, ನಾನು ಹಣ್ಣು ತಗೊಂಡು ಬರ್ತೀನಿ," ಎಂದೆ. ಗಿರಿಜಾಗೆ ಮಂಡಿನೋವು, ನಿಧಾನ ನಡೆಯುವವಳು, ಹೇಗೂ ಹಿಡಿಯುತ್ತೇನೆ ಎಂಬ ಧೈರ್ಯ. ಶೈಲಾ ಫೋನಿನಲ್ಲಿ ದಾರಿ ನೋಡುತ್ತಾ ತಾಯಿಯ ಕೈ ಹಿಡಿದು ಹೊರಟಳು. ಹೋಟೆಲಿನ ಹೆಸರನ್ನೂ ಹೇಳಿದಳು. ಯಾವುದೋ ಉದ್ದದ ಇಂಗ್ಲಿಷ್ ಹೆಸರು, ನನ್ನ ತಲೆಯಲ್ಲಿ ನಿಲ್ಲಲಿಲ್ಲ. ಪ್ಯಾನ್‌ಕೇಕ್ ಹೋಟೆಲು ಎಂದು ಕೇಳಿದರೆ ಯಾರು ಬೇಕಾದರೂ ತೋರಿಸುತ್ತಾರೆ ಎಂದುಕೊಂಡೆ.

ಸೇಬು, ದಾಳಿಂಬೆ, ಮೂಸಂಬಿ ಎಲ್ಲ ಆರಿಸಿ ತಿರುಗುವಷ್ಟರಲ್ಲಿ ಇಬ್ಬರೂ ಮಾಯ. ಹಣ್ಣಿನಾಕೆಯನ್ನು ಕೇಳಿದೆ. "ಆ ಕಡೆ ಬದೀಲಿ ಐತೆ ಅಣ್ಣ," ಎಂದಳು. ನಾಯಿ ಹಿಡಿದುಕೊಂಡು ಬರುತ್ತಿದ್ದ ಒಬ್ಬ ಹುಡುಗಿಯನ್ನು ಕೇಳಿದೆ. "ಬೆಸ್ಟ್ ಅಂದ್ರೆ ಈ ಕಡೇದು ಅಂಕಲ್, ಆ ಕಡೇದು ಎಗ್‌ಲೆಸ್, ಸುಮಾರಾಗಿರುತ್ತೆ," ಎಂದಳು. ವಾಕಿಂಗ್ ಮುಗಿಸಿ ಬರುತ್ತಿದ್ದ ಹಿರಿಯರೊಬ್ಬರು ನಿಂತು, ಅವೆರಡೂ ಬೇಡ, ಜಯನಗರದಲ್ಲಿ ಒಂದು ಕಡೆ ಸಿಗುತ್ತದೆ ಎಂದು ಅಲ್ಲಿಗೆ ಹೋಗುವ ಬಸ್ಸನ್ನೂ ಹೇಳಲು ಶುರು ಮಾಡಿದರು. ಅವರಿಗೆ ಕೈಮುಗಿದು ತಪ್ಪಿಸಿಕೊಂಡೆ.

ನೋಡಿದರೆ ಪಾರ್ಕಿನ ಈಚೆ ಬದಿಗೆ ಒಂದು, ಆಚೆ ಬದಿಗೆ ಒಂದು, ಎರಡೂ ಮಹಡಿಯ ಮೇಲೆ. ಎರಡರ ಬೋರ್ಡಿನಲ್ಲೂ ತಮ್ಮ ಪ್ಯಾನ್‌ಕೇಕೇ ಬೆಂಗಳೂರಿಗೆ ಬೆಸ್ಟ್ ಎಂದು ಬರೆದುಕೊಂಡಿದ್ದರು. ಗಿರಿಜಾಗೆ ಫೋನ್ ಮಾಡಿದೆ, ಎತ್ತಲಿಲ್ಲ. ಶೈಲಾಳೂ ಎತ್ತಲಿಲ್ಲ. ಆಗ ನನ್ನ ಹಳೆಯ ಲೆಕ್ಕ ಹಿಡಿದೆ. ಪಾರ್ಕಿನ ಕಂಬಿಯ ಸಂದಿನಿಂದ ನೋಡಿದರೆ ಆಚೆಯದು ಭಣಭಣ. ಈಚೆಯದರ ಮೆಟ್ಟಿಲ ಮೇಲೆ ಜನ ನಿಂತಿದ್ದರು. ಇನ್ನು ಅನುಮಾನವೇನು ಎಂದು ಹತ್ತಿದೆ.

ಮೇಲೆ ಸಂತೆಯಂಥ ಗದ್ದಲ. ಎಲ್ಲರೂ ಚಡ್ಡಿ, ಟೀ ಷರ್ಟಿನ ಹುಡುಗ ಹುಡುಗಿಯರು. ಅವರ ನಡುವೆ ಒಂದು ದೊಡ್ಡ ಟೇಬಲ್ಲಿನಲ್ಲಿ ಇಸ್ತ್ರಿ ಮಾಡಿದ ಬಿಳಿ ಅಂಗಿಯ ಯಜಮಾನರು, ರೇಷ್ಮೆ ಸೀರೆ ಉಟ್ಟು ಹೂ ಮುಡಿದ ಅವರ ಹೆಂಡತಿ, ಬಾಗಿಲನ್ನೇ ನೋಡುತ್ತಾ ಕೂತಿದ್ದರು. ನನ್ನ ಕೈಯಲ್ಲಿದ್ದ ಹಣ್ಣಿನ ಚೀಲ ನೋಡಿದ್ದೇ ಆಕೆ ಎದ್ದು ನಿಂತರು.

"ಬನ್ನಿ ಬನ್ನಿ. ಹುಡುಗಿ ಕಡೆಯವರಲ್ವಾ?"

"ಹೌದು ತಾಯಿ. ನಾನು ಸೋದರಮಾವ. ನಮ್ಮವರು ಇನ್ನೂ ಬಂದಿಲ್ವಾ?"

"ಇಲ್ವಲ್ಲ. ಬರ್ತಾರೆ ಕೂತ್ಕೊಳ್ಳಿ. ನಮ್ಮ ಮಗಾನೂ ಗಾಡಿ ಪಾರ್ಕ್ ಮಾಡೋಕೆ ಹೋದೋನು ಪತ್ತೆ ಇಲ್ಲ. ಇಲ್ಲಿ ಜಾಗ ಸಿಗೋದು ಅಂದ್ರೆ ಸೈಟ್ ಸಿಕ್ಕಿದಂಗೆ."

ಮುಂದೆ ಹೋದವರು ನನಗಿಂತ ಹಿಂದೆ ಹೇಗಾದರು? ಎಲ್ಲಾದರೂ ಮೆಡಿಕಲ್ ಶಾಪಿಗೆ ಹೊಕ್ಕಿರಬೇಕು, ಮಂಡಿಗೆ ಹಚ್ಚುವ ಮುಲಾಮು ಕಂಡರೆ ಗಿರಿಜಾ ಬಿಡುವವಳಲ್ಲ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಹಣ್ಣು ಕೊಟ್ಟು, ಕರವಸ್ತ್ರದಲ್ಲಿ ಮುಖದ ಬೆವರು ಒರೆಸಿಕೊಂಡು ಕೂತೆ. ಬೆವರಿನ ಜೊತೆ ಹಣೆಯ ವಿಭೂತಿಯೂ ಹೋದದ್ದು ಆಗ ಗೊತ್ತಾಗಲಿಲ್ಲ.

ಯಜಮಾನರು ಮಾತಿಗೆ ಶುರು ಮಾಡಿದರು. "ನಮ್ದು ಉತ್ತರಹಳ್ಳಿ ಸಾರ್. ಹುಟ್ಟಿದ್ದು ಬೆಳೆದಿದ್ದು ಎಲ್ಲಾ ಅಲ್ಲೇ. ಮೊದ್ಲು ರಾಗಿ ಬೆಳೀತಿದ್ವಿ. ಈಗ ಹೊಲದ ಮೇಲೆಲ್ಲಾ ಮನೆ ಕಟ್ಟಿ ಬಾಡಿಗೆ ಬೆಳೀತಿದೀವಿ."

ನಾನು ನಕ್ಕೆ. ನಕ್ಕ ಮೇಲೆ ಗಲಿಬಿಲಿಯಾಯಿತು. ರುದ್ರಕ್ಕ ಹೇಳಿದ್ದು ತಿಪಟೂರಿನವರು, ಈಗ ಬನಶಂಕರಿಯಲ್ಲಿದ್ದಾರೆ ಎಂದು. ಹುಟ್ಟಿದ್ದೇ ಉತ್ತರಹಳ್ಳಿಯಲ್ಲಿ ಎಂದರೆ ತಿಪಟೂರು ಎಲ್ಲಿಂದ ಬಂತು? ನಿಮ್ಮ ಹೆಸರೇನು ಎಂದು ಕೇಳಿಬಿಟ್ಟಿದ್ದರೆ ಅಲ್ಲಿಗೆ ಎಲ್ಲಾ ಮುಗಿಯುತ್ತಿತ್ತು. ಆದರೆ ಇಂಥ ಕಡೆ ಹೆಸರು ಕೇಳುವುದುಂಟೇ? ಹುಡುಗನ ತಂದೆಯ ಹೆಸರೂ ತಿಳಿಯದೆ ಹೆಣ್ಣು ಕೊಡಲು ಬಂದಿದ್ದಾರೆ ಎಂದಾಗುತ್ತದೆ. ಅವರೂ ಅದೇ ಸಂಕೋಚಕ್ಕೆ ಕೇಳಲಿಲ್ಲವೇನೋ. ವಾಡಿಕೆಯಂತೆ ವಿಷಯ ಎತ್ತುವುದು ತಿಂಡಿ ಆದ ಮೇಲೆ, ಅಲ್ಲಿಯವರೆಗೆ ಬಿಸಿಲು, ಟ್ರಾಫಿಕ್ಕು, ಮಂಡಿನೋವು, ಇಷ್ಟೇ ಮಾತು. ನಾವೂ ಹಾಗೇ ಮಾಡಿದೆವು.

ಅಷ್ಟರಲ್ಲಿ ಆಕೆ ನನಗೂ ಯಜಮಾನರಿಗೂ ಒಂದೊಂದು ಪ್ಯಾನ್‌ಕೇಕ್ ಹೇಳಿಯೇಬಿಟ್ಟರು. ತಿಂಡಿ ಬರೋಕ್ಕೆ ಮುಂಚೆ ಎಂದಿದ್ದಳು ಶೈಲಾ. ಅವಳು ಬಂದು ಕೂತು ನನ್ನ ಮುಖ ನೋಡುವ ಮೊದಲೇ ಹೇಳಿ ಮುಗಿಸಿಬಿಡೋಣ ಎನಿಸಿತು. ಆಟೋದಲ್ಲಿ ಕಲಿತ ಪಾಠವೆಲ್ಲಾ ಮರೆತುಹೋಯಿತು.

"ನಿಮ್ಮ ಹತ್ರ ಒಂದು ವಿಷಯ ಮುಚ್ಚಿಡಬಾರದು," ಎಂದೆ. "ನಮ್ಮ ಹುಡುಗಿಗೆ ಒಂದು ಕಿವಿ ಮಂದ. ಮಿಷನ್ ಹಾಕ್ಕೋತಾಳೆ. ಹೇಳ್ಬೇಡಿ ಅಂದ್ರು. ಆದ್ರೆ ಹುಡುಗೀನೇ, ಹೇಳದೆ ಇದ್ರೆ ನಾನು ಕೂರಲ್ಲ ಅಂದ್ಳು. ಬಂಗಾರದಂಥ ಮಗು ತಾಯಿ ಅದು." ಇಷ್ಟು ವಯಸ್ಸಾಗಿ, ಆ ಹುಡುಗರ ಮಧ್ಯೆ, ಕಣ್ಣಲ್ಲಿ ನೀರು.

ಯಜಮಾನರು ಹೆಂಡತಿಯ ಮುಖ ನೋಡಿದರು. ಆಕೆ ಅಯ್ಯೋ ಪಾಪ ಎನ್ನಲಿಲ್ಲ, ಯಾವ ಡಾಕ್ಟರಿಗೆ ತೋರಿಸಿದ್ದೀರಿ ಎಂದು ಕೇಳಲಿಲ್ಲ.

"ಯಾವ ಕಿವಿ?" ಎಂದರು.

"ಎಡಗಡೇದು."

ಆಕೆ ಎದ್ದರು. ಟೇಬಲ್ಲಿನ ಎಡ ತುದಿಯ ಕುರ್ಚಿಯನ್ನು ಗೋಡೆಗೆ ಒತ್ತಿ ಇಟ್ಟರು. ಅದರ ಬಲಕ್ಕೆ ಇದ್ದ ಕುರ್ಚಿಯ ಮೇಲೆ ತಮ್ಮ ಪರ್ಸು ಇಟ್ಟರು. "ಇಲ್ಲಿ ಗಲಾಟೆ ಜಾಸ್ತಿ. ಅವಳು ಗೋಡೆ ಪಕ್ಕ ಕೂತ್ಕೊಳ್ಳಲಿ, ನಾನು ಈ ಕಡೆ ಕೂತ್ಕೋತೀನಿ. ಮಾತಾಡೋದೆಲ್ಲಾ ಅವಳ ಬಲಕ್ಕೇ ಬರುತ್ತೆ," ಎಂದರು.

"ನಮ್ಮನೇಲಿ ಎರಡು ಕಿವಿ ನೆಟ್ಟಗಿರೋರೂ ನನ್ನ ಮಾತು ಕೇಳಲ್ಲ, ಬಿಡಿ ಸಾರ್," ಎಂದರು ಯಜಮಾನರು.

ಎದೆಯ ಮೇಲಿನ ಕಲ್ಲು ಇಳಿಸಿದಂತಾಯಿತು. ಪ್ಯಾನ್‌ಕೇಕೂ ಬಂತು. ಸೆಟ್ ದೋಸೆಯಂಥ ದಪ್ಪನೆಯವು, ಒಂದರ ಮೇಲೊಂದು, ಮೇಲೆ ಬೆಣ್ಣೆ, ಜೋನಿಬೆಲ್ಲದಂಥ ಪಾಕ. ಚಟ್ನಿ ಎಲ್ಲಿ ಎಂದು ಹುಡುಕಿದೆ, ಇರಲಿಲ್ಲ. ಫೋರ್ಕಿನಲ್ಲಿ ಜಗ್ಗಿದರೆ ಜಾರುತ್ತಿತ್ತು. "ಕೈಯಲ್ಲೇ ಹೊಡೀರಿ ಸಾರ್," ಎಂದು ಯಜಮಾನರು ತಾವೇ ಕೈ ಹಾಕಿದರು. ನಾನೂ ಹಾಕಿದೆ. ಹತ್ತಿಯ ಹಾಗೆ ಮೆತ್ತಗೆ, ಬಾಯಲ್ಲಿಟ್ಟರೆ ಕರಗುತ್ತಿತ್ತು. ಇಷ್ಟು ವರ್ಷ ಊರೂರು ಸುತ್ತಿ ನಾನು ಇಂಥದ್ದೊಂದನ್ನು ತಿಂದೇ ಇರಲಿಲ್ಲವಲ್ಲ ಎಂದು ಬೇಜಾರಾಯಿತು.

"ಊರಹಬ್ಬಕ್ಕೆ ನೀವೆಲ್ಲಾ ಬರ್ಬೇಕು. ಎರಡು ಮರಿ ಕಡೀತೀವಿ," ಎಂದರು ಯಜಮಾನರು.

ನನ್ನ ಕೈ ತಟ್ಟೆಯಲ್ಲೇ ನಿಂತಿತು. ನಾವು ಲಿಂಗ ಕಟ್ಟಿದವರು. ಮರಿ ಕಡಿಯುವವರ ಮನೆಗೆ ರುದ್ರಕ್ಕ ಸಂಬಂಧ ನೋಡಿದರೇ? ತಿಪಟೂರು ಉತ್ತರಹಳ್ಳಿಯಾಗಿದೆ, ಈಗ ಇದೂ ಬಂತು. ಇಷ್ಟು ಒಳ್ಳೆಯ ಜನರನ್ನು ಈಗ ಏನೆಂದು ಕೇಳುವುದು? ನಾನು ಬಾಯಿ ತೆರೆಯಬೇಕು ಎನ್ನುವಾಗ ಬಾಗಿಲಲ್ಲಿ ಒಬ್ಬ ಹುಡುಗ ಕಾಣಿಸಿಕೊಂಡ.

"ಅಪ್ಪಾ, ಸುತ್ತಿ ಸುತ್ತಿ ಸಾಕಾಯ್ತು. ಇವರು ಕೆಳಗೇ ಸಿಕ್ಕಿದ್ರು."

ಅವನ ಹಿಂದೆ ಒಬ್ಬ ಹುಡುಗಿ, ಅವಳ ತಂದೆ, ತಾಯಿ. ಅವರ ಕೈಯಲ್ಲೂ ಹಣ್ಣಿನ ಚೀಲ.

ಯಜಮಾನರು ಅವರನ್ನು ನೋಡಿದರು, ನನ್ನನ್ನು ನೋಡಿದರು. "ಇವರು ಹುಡುಗಿ ಕಡೆಯವರಾದ್ರೆ... ನೀವ್ಯಾರು ಸಾರ್?"

ನಾನು ಯಾರು ಎಂದು ಆ ಗಳಿಗೆಯಲ್ಲಿ ನನಗೂ ಗೊತ್ತಿರಲಿಲ್ಲ. ಬಾಯಿಗೆ ಪಾಕ ಮೆತ್ತಿಕೊಂಡಿತ್ತು. ಜೇಬಿನಿಂದ ಫೋನ್ ತೆಗೆದು ನೋಡಿದರೆ ಗಿರಿಜಾಳ ಕರೆಗಳು ಸಾಲಾಗಿ ಕೂತಿದ್ದವು. "ತಪ್ಪಾಯ್ತು, ತಪ್ಪಾಯ್ತು," ಎನ್ನುತ್ತಾ ಎದ್ದೆ. ಏನೆಂದು ವಿವರಿಸಿದೆನೋ, ಅವರಿಗೆ ಏನು ಅರ್ಥವಾಯಿತೋ. ಆಕೆ "ಸಾರ್, ಹಣ್ಣು! ಹಣ್ಣು!" ಎಂದು ಕೂಗುತ್ತಿದ್ದರೂ ಮೆಟ್ಟಿಲಿಳಿದು ಓಡಿದೆ. ಪಾರ್ಕಿನೊಳಗೆ ಹಾದು ಹೋಗೋಣವೆಂದರೆ ಗೇಟಿಗೆ ಬೀಗ. ಆ ಬಿಸಿಲಲ್ಲಿ ಸುತ್ತು ಹಾಕಿ ಆಚೆ ಬದಿಯ ಹೋಟೆಲು ಸೇರಿದೆ.

ಅಲ್ಲಿ ತಣ್ಣಗೆ, ಶಾಂತವಾಗಿತ್ತು. ತಿಪಟೂರಿನ ತಂದೆ ತಾಯಿ, ಹುಡುಗ, ಎದುರಿಗೆ ಗಿರಿಜಾ, ಶೈಲಾ. ಎಲ್ಲರ ಮುಂದೆ ಖಾಲಿ ಕಾಫಿ ಕಪ್ಪು. ತಿಂಡಿಗೆ ಹೇಳಿರಲಿಲ್ಲ, ನನಗಾಗಿ ಕಾದಿದ್ದರು. ಗಿರಿಜಾ ನನ್ನನ್ನು ನುಂಗುವ ಹಾಗೆ ನೋಡಿದಳು. ಶೈಲಾ ನೋಡಿದ್ದು ಬೇರೆ ರೀತಿ. ಹೇಳ್ತೀರಾ ಇಲ್ವಾ ಎಂದು ಕೇಳುವಂತಿತ್ತು.

ಹೇಳಿದೆ. ಒಂದು ಸಲ ಹೇಳಿ ಅಭ್ಯಾಸವಾಗಿತ್ತಲ್ಲ, ಈ ಸಲ ನಾಲಿಗೆ ತಡವರಿಸಲಿಲ್ಲ. ಕಣ್ಣಲ್ಲಿ ನೀರೂ ಬರಲಿಲ್ಲ. ಯಾವ ಕಿವಿ ಎಂದು ಕೇಳುತ್ತಾರೆ ಎಂದು ಕಾದೆ. ಯಾರೂ ಕೇಳಲಿಲ್ಲ.

"ಓಹೋ. ರುದ್ರಮ್ಮನವರು ಇದನ್ನ ಹೇಳಲೇ ಇಲ್ವಲ್ಲ," ಎಂದರು ಹುಡುಗನ ತಾಯಿ. ತಂದೆ ಗಡಿಯಾರ ನೋಡಿಕೊಂಡರು. ಮನೆಯಲ್ಲಿ ಮಾತಾಡಿ ಫೋನ್ ಮಾಡುತ್ತೇವೆ ಎಂದರು. ಒರಟಾಗಿ ಏನೂ ಆಡಲಿಲ್ಲ, ಮರ್ಯಾದಸ್ಥರೇ. ಏಳುವಾಗ ಹುಡುಗ ಶೈಲಾಳ ಕಡೆ ಬಗ್ಗಿ, "ಬರ್ತೀವಿ, ಆಯ್ತಾ? ಬರ್ತೀವಿ!" ಎಂದು ಕೂಗಿ ಹೇಳಿದ. ಅಲ್ಲಿಯವರೆಗೆ ಅರ್ಧ ಗಂಟೆ ಅವಳ ಜೊತೆ ಮೆಲ್ಲಗೇ ಮಾತಾಡಿದ್ದನಂತೆ, ಅವಳೂ ಎಲ್ಲದಕ್ಕೂ ಉತ್ತರ ಕೊಟ್ಟಿದ್ದಳಂತೆ.

"ನನಗೆ ಕೇಳುತ್ತೆ," ಎಂದಳು ಶೈಲಾ, ಮೆಲ್ಲಗೆ.

ಅವರು ಹೋದ ಮೇಲೆ ರಸ್ತೆಗೆ ಬಂದು ನಿಂತೆವು. ಗಿರಿಜಾ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ಶೈಲಾ ಅಳಲಿಲ್ಲ. "ನೀವು ಎಲ್ಲಿಗೆ ಹೋಗಿದ್ರಿ ಮಾವ? ಮೂತಿ ಯಾಕೆ ಅಂಟಂಟು?" ಎಂದಳು. ನಡೆದದ್ದನ್ನೆಲ್ಲಾ ಹೇಳಿದೆ. ಬಯ್ಯುತ್ತಾಳೆ ಎಂದುಕೊಂಡರೆ, ಪಾರ್ಕಿನ ಕಂಬಿ ಹಿಡಿದುಕೊಂಡು ನಗತೊಡಗಿದಳು. ಮರಿ ಕಡಿಯುವ ಮಾತಿಗೆ ಬಂದಾಗ ಗಿರಿಜಾಳೂ ಅಳುತ್ತಲೇ ನಕ್ಕಳು.

"ಹೋಗಿ ಅವರಿಗೆ ಸರಿಯಾಗಿ ಸಾರಿ ಕೇಳೋಣ ಬನ್ನಿ. ನಾನು ಅವರನ್ನ ನೋಡ್ಬೇಕು," ಎಂದಳು ಶೈಲಾ.

ನನಗೆ ನಾಚಿಕೆ. ಆದರೂ ಹೋದೆವು. ಬಾಗಿಲಲ್ಲೇ ಕೈಮುಗಿದು ಬರುವ ಯೋಚನೆ. ಅಲ್ಲಿ ಎರಡೂ ಕಡೆಯವರು ಒಟ್ಟಿಗೆ ಕೂತು ಜೋರಾಗಿ ಮಾತಾಡುತ್ತಿದ್ದರು. ನನ್ನನ್ನು ಕಂಡಿದ್ದೇ ಯಜಮಾನರ ಹೆಂಡತಿ ಎದ್ದರು. ನನ್ನ ಹಿಂದಿದ್ದ ಶೈಲಾಳ ಜಡೆ ನೋಡಿದರು, ಕಿವಿ ನೋಡಿದರು.

"ಇವಳೇನಾ? ಬಾಮ್ಮ, ಬಾ," ಎಂದು ಕೈ ಹಿಡಿದು ಕರೆದುಕೊಂಡು ಹೋದರು. ಆ ಗೋಡೆ ಪಕ್ಕದ ಕುರ್ಚಿ ಇನ್ನೂ ಖಾಲಿ ಇತ್ತು. ಅದರ ಬಲಕ್ಕಿದ್ದ ಕುರ್ಚಿಯ ಮೇಲೆ ಅವರ ಪರ್ಸು ಹಾಗೇ ಇತ್ತು. ಬೇಕೆಂದೇ ಬಿಟ್ಟಿದ್ದರೋ, ಗಡಿಬಿಡಿಯಲ್ಲಿ ಯಾರೂ ಮುಟ್ಟಿರಲಿಲ್ಲವೋ, ನನಗೆ ಈಗಲೂ ಗೊತ್ತಿಲ್ಲ. ಶೈಲಾಳನ್ನು ಅಲ್ಲಿ ಕೂರಿಸಿ, ಪರ್ಸು ತೆಗೆದು ತಾವು ಪಕ್ಕದಲ್ಲಿ ಕೂತರು. ಶೈಲಾ ಗೋಡೆ ನೋಡಿದಳು, ಅವರನ್ನು ನೋಡಿದಳು. ಅವಳಿಗೆ ತಿಳಿಯಿತು. ರಸ್ತೆಯಲ್ಲಿ ಅಳದವಳ ಕಣ್ಣು ಅಲ್ಲಿ ತುಂಬಿಕೊಂಡಿತು.

ಹೊಸ ಹುಡುಗಿಯ ತಂದೆಗೆ ಪಾಪ ತಲೆ ಕೆಟ್ಟುಹೋಗಿರಬೇಕು. ಯಜಮಾನರ ಕಡೆ ಬಗ್ಗಿ ಪಿಸುಗುಟ್ಟಿದರು. "ಇವರು ಯಾರ ಕಡೆಯವರು?"

ಯಜಮಾನರು ನನ್ನ ಕಡೆ ನೋಡಿದರು. ಆಕೆ ತಲೆಯೆತ್ತದೆ, ಶೈಲಾಳ ಮುಂದೆ ತಟ್ಟೆ ಸರಿಸುತ್ತಾ ಹೇಳಿದರು. "ನಮ್ಮ ಕಡೆಯವರೇ."

ಆಮೇಲೆ ಗಿರಿಜಾಳ ಹಣೆಯ ವಿಭೂತಿ ನೋಡಿ, ಬಡಿಸುವವನನ್ನು ಕರೆದು, "ಇವರಿಬ್ಬರಿಗೆ ಮೊಟ್ಟೆ ಹಾಕದೇ ಇರೋದು ತನ್ನಿ," ಎಂದರು.

"ಹಾಗಾದ್ರೆ ನಾನು ತಿಂದದ್ದು?" ಎಂದೆ.

ಆಕೆ ನಾಲಿಗೆ ಕಚ್ಚಿಕೊಂಡರು. "ಅಯ್ಯೋ ಶಿವನೇ! ನಿಮ್ಮ ಹಣೆ ಮೇಲೆ ಏನೂ ಇರ್ಲಿಲ್ವಲ್ಲ ಸಾರ್!"

ಇಡೀ ಟೇಬಲ್ಲು ನಕ್ಕಿತು. ಎಲ್ಲರಿಗಿಂತ ಜೋರಾಗಿ ನಕ್ಕವಳು ಶೈಲಾ. ಈ ಮೊಟ್ಟೆಯ ವಿಷಯ ನನ್ನ ಹೆಂಡತಿಗೆ ಇವತ್ತಿನವರೆಗೂ ಹೇಳಿಲ್ಲ. ಇದು ಅಚ್ಚಾದರೆ ಅವಳಿಗೂ ಗೊತ್ತಾಗುತ್ತದೆ, ಆಗಲಿ.

ತಿಪಟೂರಿನವರ ಫೋನ್ ಬರಲಿಲ್ಲ. ಉತ್ತರಹಳ್ಳಿಯವರ ಮಗನ ಮದುವೆ ಆ ಹುಡುಗಿಯ ಜೊತೆಗೇ ಆಯಿತು, ನಾವು ಮೂವರೂ ಹೋಗಿ ಬಂದೆವು. ಶೈಲಾಗೆ ಇನ್ನೂ ಆಗಿಲ್ಲ. ಈಗ ಯಾರಾದರೂ ಬರುತ್ತೇವೆ ಎಂದರೆ ಅವಳೇ ಮೊದಲು ಫೋನ್ ಮಾಡಿ ಕಿವಿಯ ವಿಷಯ ಹೇಳುತ್ತಾಳೆ. ನನಗೆ ಪಾಠ ಒಪ್ಪಿಸುವ ಕೆಲಸ ತಪ್ಪಿದೆ.

ಆದರೆ ಒಂದು ಗೊಂದಲ ಮಾತ್ರ ಉಳಿದಿದೆ. ಅವತ್ತು ನಾನು ಮೊದಲು ಹೋಗಿ ಕೂತದ್ದು ತಪ್ಪು ಜಾಗದಲ್ಲೋ ಸರಿಯಾದ ಜಾಗದಲ್ಲೋ? ಎಷ್ಟು ಯೋಚಿಸಿದರೂ ಬಗೆಹರಿಯುವುದಿಲ್ಲ. ಈಗಲೂ ಮಾಲಿಗೆ ಊರೂರು ತಿರುಗುತ್ತೇನೆ, ಹೋಟೆಲು ಹುಡುಕುತ್ತೇನೆ. ಶೈಲಾ ಜೊತೆಗಿದ್ದರೆ ಮಾತ್ರ ಜನ ಎಷ್ಟಿದ್ದಾರೆ ಎಂದು ನೋಡುವುದಿಲ್ಲ. ಮೊದಲು ಗೋಡೆ ಪಕ್ಕದ ಕುರ್ಚಿ ಖಾಲಿ ಇದೆಯೇ ಎಂದು ನೋಡುತ್ತೇನೆ, ತಿಂಡಿಯ ಮಾತು ಆಮೇಲೆ.